ಕೂಸಿರುವ ಮನೆಯ ಮಾತು

ಮೊನ್ನೆ ಕನಕಪುರದಿಂದ ಸಾತನೂರಿನ ಕಡೆ ಬರುವ ಸರ್ಕಾರಿ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಬಂದು ಕೂತಳು. ತೊಡೆಯ ಮೇಲೆ ಕೈಗೂಸು, ಕಾಲಡಿಯಲ್ಲಿ ಎರಡು ಚೀಲ. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಹೊರಟವಳಿರಬೇಕು. ಸಂಜೆಯ ಗಾಳಿ ಶುರುವಾಗಿತ್ತು, ಕಿಟಕಿಯ ಗಾಜು ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಒಂದು ಕೈಯಲ್ಲಿ ಎಳೆದು ನೋಡಿ ಸೋತು, "ಅಕ್ಕ, ಒಸಿ ಮಗೀನ ಇಡ್ಕತೀರಾ?" ಎಂದಳು. ಹಿಡಿದುಕೊಂಡೆ. ಕುಲಾವಿಯ ಅಂಚಿನಿಂದ ಹರಳೆಣ್ಣೆ, ಸಾಂಬ್ರಾಣಿ, ಅದರ ಜೊತೆಗೆ ಹಾಲಿನ ಹುಳಿ ಬೆರೆತ ಆ ನೆತ್ತಿಯ ವಾಸನೆ ಬಂತು. ಗಾಜು ಮುಚ್ಚಿ ಅವಳು ಕೈ ಚಾಚಿದಾಗ ಮಗುವನ್ನು ಕೊಡಲು ನಾನು ಸ್ವಲ್ಪ ತಡ ಮಾಡಿದೆ. ಅವಳಿಗೆ ಅದು ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ನನ್ನ ಮೊದಲ ಮಗಳಿಗೆ ಸಿಕ್ಕಿದ್ದು ಒಂದೇ ಚಳಿಗಾಲ, ಅದೂ ಪೂರ್ತಿಯಲ್ಲ. ಜನನಿ ಎಂದು ಹೆಸರಿಟ್ಟಿದ್ದೆವು, ಕರೆಯುತ್ತಿದ್ದದ್ದು ಚಿನ್ನಿ ಎಂದು. ಈಗ ಒಬ್ಬ ಮಗನಿದ್ದಾನೆ, ಶಾಲೆಗೆ ಹೋಗುತ್ತಾನೆ, ಹೊದಿಕೆ ಒದ್ದು ಅಡ್ಡಾದಿಡ್ಡಿ ಮಲಗುತ್ತಾನೆ. ಆದರೂ ಅವರೆಕಾಯಿ ಕಾಲ ಬಂದು ಗಾಳಿ ಒಣಗಿತು ಎಂದರೆ ಆ ಒಂದು ವರ್ಷ ನನ್ನ ಮೈಯೊಳಗೆ ಎದ್ದು ಕೂರುತ್ತದೆ. ಬಸ್ಸಿಳಿದು ಮನೆಗೆ ನಡೆದು ಬರುವಾಗಲೂ ಅದೇ ನಡೆಯುತ್ತಿತ್ತು.

ನಾನು ಚನ್ನಪಟ್ಟಣದ ಪೇಟೆಯವಳು. ನಮ್ಮ ತವರುಮನೆಯ ಎರಡು ಬದಿಯ ಗೋಡೆಗಳೂ ನೆರೆಮನೆಯವರ ಗೋಡೆಗಳು, ಚಳಿಗೆ ಒಳಗೆ ಬರಲು ದಾರಿಯೇ ಇರಲಿಲ್ಲ. ಮದುವೆಯಾದ ಮೇಲೆ ಬಿಡದಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಇವರು, ಎಂದರೆ ನನ್ನ ಗಂಡ ಮಹೇಶ, ಅಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಾತನೂರಿನ ಹತ್ತಿರದ ಇವರ ಊರಿಗೆ ನಾನು ಹಬ್ಬಕ್ಕೆ ಹೋಗಿ ಬರುವ ನೆಂಟಳಂತಿದ್ದೆ. ಮಗು ಹುಟ್ಟಿ, ಬಾಣಂತನ ಮುಗಿದು, ಇನ್ನೇನು ಬಿಡದಿಗೆ ಹೋಗಬೇಕು ಎನ್ನುವಾಗ ಅತ್ತೆ ಹೊಲದ ಬದುವಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮಾವ ತೀರಿಹೋಗಿದ್ದರು. ಮನೆಯಲ್ಲಿ ಹಸು, ಹೊಲದಲ್ಲಿ ಹಿಪ್ಪುನೇರಳೆ, ಹುಳದ ಮನೆಯಲ್ಲಿ ರೇಷ್ಮೆ ಹುಳ. ಐದು ತಿಂಗಳ ಚಿನ್ನಿಯನ್ನು ಎತ್ತಿಕೊಂಡು ನಾನು ಊರಿಗೆ ಬಂದೆ. ಇವರು ಶಿಫ್ಟು ನೋಡಿಕೊಂಡು ಓಡಾಡುತ್ತಿದ್ದರು. ಎರಡನೇ ಶಿಫ್ಟು ಬಿದ್ದ ವಾರ ರಾತ್ರಿ ಬಿಡದಿಯಲ್ಲೇ ಸ್ನೇಹಿತರ ರೂಮಿನಲ್ಲಿ ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು.

ಸಾತನೂರಿನ ಚಳಿ ಎಂದರೆ ಜನ ನಗುತ್ತಾರೆ, ಅದೇನು ಮಡಿಕೇರಿಯೇ ಎಂದು ಕೇಳುತ್ತಾರೆ. ಧನುರ್ಮಾಸದಲ್ಲಿ ಬಂದು ಹಳೇ ಹೆಂಚಿನ ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಲಿ. ಹಗಲು ಬಿಸಿಲಿಗೆ ಬೆವರು, ದೀಪ ಹಚ್ಚುವ ಹೊತ್ತಿಗೆ ನೆಲ ತಣ್ಣಗೆ, ಬೆಳಗಿನ ಜಾವಕ್ಕೆ ಹೆಂಚಿನ ಸಂದಿಯಿಂದ ಮಂಜು ಮುಖದ ಮೇಲೆ ಇಳಿಯುತ್ತದೆ. ನಮ್ಮ ಮನೆ ಹೆಂಚಿನದು, ಹುಳದ ಮನೆ ತಾರಸಿಯದು. ನಮಗೆ ಕಂಬಳಿ, ಹುಳಕ್ಕೆ ಹೀಟರು. ಹುಳದ ಮನೆಯ ಗೋಡೆಯ ಮೇಲೆ ಶಾಖ ಅಳೆಯುವ ಗಾಜಿನ ಕಡ್ಡಿ ನೇತಾಡುತ್ತಿತ್ತು, ಅದು ಒಂದು ಗೆರೆ ಇಳಿದರೂ ಅತ್ತೆಯ ಮುಖ ಇಳಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ.

ಒಂದು ದಿನ ಕೇಳಿಯೇಬಿಟ್ಟೆ. "ಅತ್ತೆ, ರಾತ್ರಿ ಹೊತ್ತು ಇವಳನ್ನ ಹುಳದ ಮನೇಲಿ ಮಲಗಿಸ್ಕೋತೀನಿ. ಬೆಚ್ಚಗಿರುತ್ತೆ."

"ಬ್ಯಾಡ ಕಣವ್ವ. ಎಣ್ಣೆ ವಾಸ್ನೆ, ಪೌಡ್ರು ವಾಸ್ನೆ ಉಳಕ್ಕಾಗಾಕಿಲ್ಲ. ಸಾಂಬ್ರಾಣಿ ವಾಸ್ನೆ ಬಡುದ್ರಂತೂ ಸೊಪ್ಪೇ ಮುಟ್ಟಾಕಿಲ್ಲ. ಉಳ ಸಾಕೋದು ಅಂದ್ರೆ ಅಸುಗೂಸು ಸಾಕ್ದಂಗೆ."

"ಹಾಗಾದ್ರೆ ಹಸುಗೂಸನ್ನೂ ಹುಳ ಸಾಕಿದ ಹಾಗೇ ಸಾಕೋಣ ಬಿಡಿ. ಒಂದು ತಟ್ಟೇಲಿ ಮಲಗಿಸಿ ಅಲ್ಲೇ ಇಡ್ತೀನಿ."

ಅತ್ತೆ ನಕ್ಕರು. "ನಿಂದು ಚನ್ನಪಟ್ಣದ ಬಾಯಿ ಕಣವ್ವ, ಗೊಂಬೆಗೆ ಬಳ್ದಂಗೆ ಬಣ್ಣ ಬಳೀತೀಯ," ಎಂದು ಕೊಟ್ಟಿಗೆಯ ಕಡೆ ನಡೆದರು. ಹೀಗಾಗಿ ಆ ಬೆಚ್ಚನೆಯ ಮನೆಯೊಳಗೆ ಚಿನ್ನಿಯೂ ಹೋಗಲಿಲ್ಲ, ಮೈಯೆಲ್ಲ ಅವಳದೇ ವಾಸನೆಯಿದ್ದ ನಾನೂ ಹೋಗಲಿಲ್ಲ. ಒಳಗಿನ ಕೆಲಸಕ್ಕೆ ಪಕ್ಕದ ಮನೆಯ ಪುಟ್ಟಮ್ಮ ಬರುತ್ತಿದ್ದಳು.

ಹಾಗೆಂದು ಅತ್ತೆಗೆ ಮೊಮ್ಮಗಳ ಮೇಲೆ ಪ್ರೀತಿ ಕಡಿಮೆಯಿತ್ತು ಎನ್ನಲಾರೆ. ರಾತ್ರಿ ಚಿನ್ನಿ ನಮ್ಮಿಬ್ಬರ ನಡುವೆ ಮಲಗುತ್ತಿದ್ದಳು. ಕೆಳಗೆ ಕಂಬಳಿ, ಅದು ಚುಚ್ಚದ ಹಾಗೆ ಮೇಲೆ ಮಾವನ ಹಳೇ ಪಂಚೆ, ತಲೆಗೆ ಸಾಸಿವೆ ದಿಂಬು, ಮೈಮೇಲೆ ನನ್ನ ವಾಯಿಲ್ ಸೀರೆಯ ನಾಲ್ಕು ಮಡಿಕೆ. ಹೊದಿಸಿದ್ದನ್ನು ಒದೆಯುವುದೇ ಅವಳ ಆಟ. ಒದ್ದು, ಕಾಲನ್ನು ಗಾಳಿಯಲ್ಲಿ ಎತ್ತಿ, ತನ್ನ ಕಾಲನ್ನೇ ಯಾರದೋ ಎಂಬಂತೆ ನೋಡುತ್ತಿದ್ದಳು. ನಾನು ಪದೇಪದೇ ಅಂಗಾಲು ಮುಟ್ಟಿ ಗಾಬರಿಯಾಗುತ್ತಿದ್ದೆ. "ಕಾಲ್ ಮುಟ್ಬ್ಯಾಡ ಕಣವ್ವ, ಕೂಸ್ಗೊಳ ಕಾಲು ಯಾವಾಗ್ಲೂ ತಣ್ಗೇ ಇರ್ತದೆ. ಕತ್ತಿನ್ ಇಂದೆ ಕೈಯಿಟ್ಟು ನೋಡು," ಎನ್ನುತ್ತಿದ್ದರು ಅತ್ತೆ. ಬ್ಯಾಂಡೇಜಿನ ಕೈಯನ್ನು ಆಚೆಗಿಟ್ಟು, ಇನ್ನೊಂದು ಕೈಯಲ್ಲಿ ಅವಳನ್ನು ಎದೆಗೆ ಎಳೆದುಕೊಂಡು, "ಮೈ ಕಾವ್ಗಿಂತ ಯಾವ ರಗ್ಗು," ಎಂದು ಗೊರಕೆ ಹೊಡೆಯುತ್ತಿದ್ದರು. ಅವಳಿಗೆ ಆ ಗೊರಕೆ ಜೋಗುಳವಾಗಿತ್ತು, ನನಗೆ ನಿದ್ದೆ ಕೆಡಿಸುವ ಗಿರಣಿ. ಆ ರಾತ್ರಿಗಳನ್ನು ನಾನು ಶಪಿಸಿಕೊಂಡೇ ಕಳೆದೆ. ಈಗ ಅಂಥ ಒಂದು ರಾತ್ರಿಗೆ ಏನು ಬೇಕಾದರೂ ಕೊಟ್ಟೇನು.

ರೇಷ್ಮೆ ಹುಳ ಬೆಳೆಯುವಾಗ ನಡುನಡುವೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಒಂದು ದಿನ ನಿಂತುಬಿಡುತ್ತದೆ. ಹಳೇ ಚರ್ಮ ಕಳಚಿ ಎದ್ದ ಮೇಲೆ ಮತ್ತೆ ತಿನ್ನುತ್ತದೆ. ಅಷ್ಟು ಹೊತ್ತು ಸೊಪ್ಪು ಕೊಡಬಾರದು, ಮುಟ್ಟಬಾರದು, ಶಾಖ ಇಳಿಯಬಾರದು. ಇದಿಷ್ಟನ್ನು ನಾನು ಹೊರಗೆ ನಿಂತೇ ತಿಳಿದುಕೊಂಡಿದ್ದೆ. ಹುಳ ಹಾಗೆ ನಿಂತಾಗ ಅತ್ತೆ ಹೊರಗೆ ಬಂದು, "ಮನಗವೆ ಕಣವ್ವ," ಎನ್ನುತ್ತಿದ್ದರು. ಮಲಗಿವೆ ಎಂದು. ನನಗೆ ಆ ಮಾತು ಹಿಡಿಸಿತ್ತು. ಚಿನ್ನಿ ಮಲಗಿದಾಗಲೂ ಅದನ್ನೇ ಹೇಳುತ್ತಿದ್ದರು, "ಅಲ್ಲೂ ಮನಗವೆ, ಇಲ್ಲೂ ಮನಗೈತೆ, ನಡಿ ಉಂಡ್ಕಳಾನ," ಎಂದು.

ಅತ್ತೆಗೆ ಓದುಬರಹ ಬಾರದು. ಸಂಜೆ ಹೊತ್ತು ಹುಳದ ಸುದ್ದಿಯನ್ನು ನನ್ನಿಂದ ಮಗನಿಗೆ ಮೆಸೇಜು ಹಾಕಿಸುತ್ತಿದ್ದರು. ಸುಣ್ಣ ಮುಗಿದಿದೆ, ತನ್ನಿ. ಸೊಪ್ಪು ಸಾಲದು, ಯಾರನ್ನಾದರೂ ಕೇಳಿ. ಹೀಗೆ. ಗಂಡಹೆಂಡಿರ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಹುಳದ್ದೇ ಎಂದು ನಾನು ಇವರನ್ನು ಕಾಡಿಸುತ್ತಿದ್ದೆ. ಆ ದಿನ ಎರಡನೇ ಶಿಫ್ಟಿಗೆ ಹೊರಟಾಗ ಇವರು ಹುಳದ ಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ, "ಇವತ್ತು ಬಂದ್ರೂ ಬರ್ಬೌದು. ಬಂದ್ರೆ ಇವಳ ಕೈಲಿ ಒಂದು ಮೆಸೇಜ್ ಹಾಕ್ಸವ್ವ," ಎಂದು ಹೇಳಿ ಹೋದರು. ಯಾರು ಬರುತ್ತಾರೆ ಎಂದು ನಾನು ಕೇಳಲಿಲ್ಲ. ಸೊಪ್ಪಿನವನೋ ಯಾರೋ ಇರಬೇಕು ಎಂದುಕೊಂಡೆ.

ಮಧ್ಯಾಹ್ನದಿಂದಲೇ ಚಿನ್ನಿ ಕಿರಿಕಿರಿ ಮಾಡುತ್ತಿದ್ದಳು. ಹಾಲು ಬೇಡ, ಎತ್ತಿಕೊಂಡರೂ ಬೇಡ. ಹೊತ್ತು ಇಳಿಯುವಾಗ ಮೈ ಸುಡತೊಡಗಿತು. ಚುಚ್ಚುಮದ್ದು ಹಾಕಿಸಿದಾಗ ಕೊಟ್ಟಿದ್ದ ಔಷಧಿಯ ಹನಿ ಮನೆಯಲ್ಲಿತ್ತು, ಹಾಕಿದೆ. ಸ್ವಲ್ಪ ಇಳಿಯಿತು, ಮತ್ತೆ ಏರಿತು. ಅತ್ತೆ ಕತ್ತಿನ ಹಿಂದೆ ಕೈಯಿಟ್ಟು, "ಮೈ ಒಸಿ ಬೆಚ್ಗೈತೆ," ಎಂದರು, ಅಷ್ಟೇ. ಇವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಕಾರ್ಖಾನೆಯೊಳಗೆ ಫೋನು ಒಯ್ಯುವಂತಿರಲಿಲ್ಲ, ಲಾಕರಿನಲ್ಲಿಟ್ಟು ಟೀ ಬಿಡುವಿನಲ್ಲಿ ಬಂದು ನೋಡುತ್ತಿದ್ದರು. ಮೆಸೇಜು ಹಾಕಿದೆ: "ಜ್ವರ ಬಂದಿದೆ. ಬೇಗ ಬರ್ತೀರಾ?"

ಟೀ ಬಿಡುವಿನಲ್ಲಿ ಉತ್ತರ ಬಂತು. "ಸರಿ. ಬೆಚ್ಚಗಿರಲಿ. ಅಲ್ಲಾಡಿಸಬೇಡಿ. ಬೆಳಿಗ್ಗೆ ಬರ್ತೀನಿ."

ತಕ್ಷಣ ಫೋನು ಮಾಡಿದೆ. ಅಷ್ಟರಲ್ಲಿ ಅದು ಮತ್ತೆ ಲಾಕರಿಗೆ ಹೋಗಿತ್ತು. ಮಗಳಿಗೆ ಜ್ವರ ಎಂದರೆ ಇಷ್ಟೇನಾ ಎಂದು ನನಗೆ ಅಳು ಬಂತು. ಅತ್ತೆ ಏನಂದ ಎಂದು ಕೇಳಿದರು. "ಬೆಚ್ಚಗಿರಲಿ, ಬೆಳಿಗ್ಗೆ ಬರ್ತೀನಿ ಅಂತಾರೆ," ಎಂದೆ. ಪುಟ್ಟಮ್ಮನ ಮಗನ ಆಟೋ ಕರೆಯೋಣವೇ ಎಂದು ಕೇಳಿದೆ. ಅತ್ತೆ ಹೊರಗೆ ಹೋಗಿ ಗಾಳಿಗೆ ಮುಖವೊಡ್ಡಿ ನೋಡಿ ಬಂದರು. "ಈ ಚಳೀಲಿ ಆಟೋದಲ್ಲಿ ಅಷ್ಟು ದೂರ ಎತ್ಕೊಂಡೋದ್ರೆ ಇನ್ನೂ ಎಚ್ಚಾಯ್ತದೆ ಕಣವ್ವ. ಅವನೂ ಅಂಗೇ ಅಂದವ್ನಲ್ಲ. ವದಿಸ್ಕಂಡು ಮನಗ್ಸು, ಬೆಳಿಗ್ಗೆ ಎದ್ದೇಟ್ಗೇ ಓಗಾನ," ಎಂದರು. ಮೂವರು ದೊಡ್ಡವರು, ಮೂವರಿಗೂ ಚಳಿಯದೇ ಭಯ. ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ನಾನು ಅವಳ ಮೇಲೆ ಹಾಕಿದೆ. ಅವತ್ತು ಅವಳು ಒಂದನ್ನೂ ಒದೆಯಲಿಲ್ಲ. ಆ ರಾತ್ರಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಬೆಳಗಾಗುವ ಹೊತ್ತಿಗೆ ಅವಳ ಉಸಿರಾಟ ಬೇರೆ ಥರ ಆಗಿತ್ತು, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿತ್ತು. ಅವಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಇವರು ಬಸ್ಸಿಳಿದು ಬಂದರು. ಹುಳದ ಮನೆ ರಸ್ತೆಯ ಕಡೆಗಿದೆ. ನನ್ನ ಕಡೆ ನೋಡದೆ, ಕಾಲು ತೊಳೆದು, ಅದರೊಳಗೆ ಹೋದರು. ಮಗಳಿಗೆ ಜ್ವರ ಎಂದು ಬರೆದಿದ್ದೇನೆ, ಮೊದಲು ಹುಳ ನೋಡಲು ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಅವಳನ್ನು ಕಿತ್ತುಕೊಂಡು ರಸ್ತೆಗೆ ಓಡಿದರು, ನಾನು ಹಿಂದೆ ಓಡಿದೆ.

ಕನಕಪುರದಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ನರ್ಸಮ್ಮ ಒಂದೊಂದೇ ಹೊದಿಕೆ ಬಿಚ್ಚಿದಳು. ಸೀರೆ, ಪಂಚೆ, ಸ್ವೆಟರು, ಮತ್ತೊಂದು ಸ್ವೆಟರು. "ಇಷ್ಟೊಂದಾ?" ಎಂದಳು. ಎದೆಯಲ್ಲಿ ಕಫ ತುಂಬಿ ನ್ಯುಮೋನಿಯಾ ಆಗಿದೆ ಎಂದರು ಡಾಕ್ಟರು. ನಿನ್ನೆ ಸಂಜೆಯೇ ತಂದಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಮಾರನೆಯ ದಿನ ಸಂಜೆ ಚಿನ್ನಿ ಹೋದಳು.

ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ಗುಂಡಿಗೆ ಇಳಿಸುವ ಮುಂಚೆ ಅತ್ತೆ, "ತಡೀರಪ್ಪ," ಎಂದು ಮನೆಗೆ ಹೋಗಿ ತಾವು ಹೊದೆಯುತ್ತಿದ್ದ ಕರೀ ಕಂಬಳಿಯನ್ನು ತಂದು, ಒಂದೇ ಕೈಯಲ್ಲಿ ಗುಂಡಿಯೊಳಗೆ ಹಾಸಲು ಹೋದರು. ಹಾಸಲಾಗಲಿಲ್ಲ. ಇವರು ಇಳಿದು ಹಾಸಿದರು. "ನೆಲ ತಣ್ಗೈತೆ ಕಣ್ಲಾ," ಎಂದು ಅತ್ತೆ ಮಗನಿಗೆ ಹೇಳುತ್ತಲೇ ಇದ್ದರು. ಕಂಬಳಿ ಇಲ್ಲದೆ ಆ ಚಳಿಗಾಲದ ಉಳಿದ ರಾತ್ರಿಗಳನ್ನು ಅವರು ಹೇಗೆ ಕಳೆದರೋ ನನಗೆ ಗೊತ್ತಿಲ್ಲ.

ಸೂತಕದವರು ಹುಳದ ಮನೆಯನ್ನು ಮೆಟ್ಟುವಂತಿಲ್ಲ. ಪುಟ್ಟಮ್ಮನ ಮನೆಯವರೇ ಹುಳವನ್ನು ಗೂಡು ಕಟ್ಟುವಷ್ಟು ಹಣ್ಣು ಮಾಡಿ, ಗೂಡು ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ಒಯ್ದರು. ಆ ಸಲ ಗೂಡು ಚೆನ್ನಾಗಿ ಬಂತಂತೆ. ನನಗೆ ಆ ಹುಳಗಳ ಮೇಲೆ ಹಗೆ ಹುಟ್ಟಿತು, ಇವರ ಮೇಲೆ ಅದಕ್ಕಿಂತ ಹೆಚ್ಚು. ಅಪ್ಪ ಬಂದು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದರು. ಇವರು ವಾರವಾರ ಬಂದು ನಡುಮನೆಯಲ್ಲಿ ಕೂತು ಹೋಗುತ್ತಿದ್ದರು. ನಾನು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಒಂದು ಸಲ ಬಾಗಿಲ ಆಚೆ ನಿಂತು, "ಸವಿತಾ," ಎಂದರು. ಒಂದು ಮಾತು, ಒಂದು ತಪ್ಪಾಯ್ತು ಎಂಬ ಮಾತು ಬರಲಿ ಎಂದು ಕಾದೆ. ಬರಲಿಲ್ಲ. ಇನ್ನು ಈ ಮನುಷ್ಯನ ಜೊತೆ ಬಾಳುವುದು ಹೇಗೆ ಎಂಬುದೇ ಆಗ ನನ್ನ ತಲೆಯಲ್ಲಿದ್ದದ್ದು.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಯಿತು. ಹಬ್ಬ ಮುಗಿದ ಮೇಲೆ ಹಿರಿಯರು ಮಾತಾಡಿ ನನ್ನನ್ನು ಊರಿಗೆ ಕಳಿಸಿದರು. ಮುಂದಿನ ಬೆಳೆ ಆಗಲೇ ಹುಳದ ಮನೆಯಲ್ಲಿತ್ತು. ಅತ್ತೆಯ ಕೈ ಕೂಡಿತ್ತು. ನಾನು ಅಡಿಗೆ ಮಾಡಿ ಬಡಿಸುತ್ತಿದ್ದೆ, ಇವರ ಜೊತೆ ಮಾತಿರಲಿಲ್ಲ.

ಒಂದು ದಿನ ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದೆ. ಇವರು ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹುಳದ ಮನೆಯೊಳಗಿಂದ ಅತ್ತೆ ಕೂಗಿ ಹೇಳಿದರು. "ಲೇ ಮಹೇಶಾ, ಜ್ವರ ಬಂದೈತೆ ಕಣ್ಲಾ."

ಇವರು ಹುಲ್ಲಿನಿಂದ ತಲೆಯೆತ್ತದೆ, "ಸರಿ ಕಣವ್ವ. ಬೆಚ್ಚಗಿರ್ಲಿ, ಅಲ್ಲಾಡಿಸ್ಬ್ಯಾಡ. ಬತ್ತೀನಿ," ಎಂದರು.

ಹೇಳಿದ ಮೇಲೆ ಇವರಿಗೆ ನೆನಪಾಯಿತು. ತಿರುಗಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ತೊಳೆಯದ ಪಾತ್ರೆ ಹಾಗೇ ಇತ್ತು.

"ಯಾರಿಗೆ ಜ್ವರ?" ಎಂದೆ. ಆ ಮನೆಯಲ್ಲಿ ಅಷ್ಟು ದಿನಗಳ ಮೇಲೆ ನಾನಾಗಿ ಆಡಿದ ಮೊದಲ ಮಾತು ಅದು.

ಅತ್ತೆ ಬಾಗಿಲಿಗೆ ಬಂದರು. "ಉಳಕ್ಕೆ ಕಣವ್ವ. ಅವು ಸೊಪ್ಪು ಬುಟ್ಟು ನಿಂತ್ಕತವಲ್ಲ, ಅದ್ಕೆ ಜ್ವರ ಅಂತೀವಿ ನಾವು. ಒಂದ್ನೇ ಜ್ವರ, ಎರಡ್ನೇ ಜ್ವರ ಅಂತ. ಇದು ನಾಕ್ನೇದು."

"ಆಗ ಮನಗವೆ ಅಂತಿದ್ರಲ್ಲ ಅತ್ತೆ?"

"ಆಗ ಮನೇಲಿ ಕೂಸಿತ್ತಲ್ಲವ್ವ," ಎಂದರು ಅತ್ತೆ. "ಕೂಸಿರೋ ಮನೇಲಿ ಆ ಮಾತ ಬಾಯಲ್ಲಿ ಆಡ್ಬಾರ್ದು. ಕೂಸ್ಗೇ ತಟ್ತದೆ ಅಂತಾರೆ."

ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಇನ್ನು ಆ ಮಾತು ಯಾರಿಗೂ ತಟ್ಟುವಂತಿರಲಿಲ್ಲ, ಅದಕ್ಕೇ ಮನೆಗೆ ವಾಪಸು ಬಂದಿತ್ತು.

ನಾನು ತೋಟದ ಬದುವಿಗೆ ಹೋಗಿ ಕೂತೆ. ಇವರು ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ಕೂತರು.

"ಅವತ್ತು ನಾಕ್ನೇ ಜ್ವರ ಬರೋ ದಿನ ಕಣೆ. ಬಂದ್ರೆ ಮೆಸೇಜ್ ಹಾಕ್ಸು ಅಂತ ಅವ್ವಂಗೆ ಹೇಳ್ಬುಟ್ಟು ಹೋಗಿದ್ದೆ. ನಿಂದು ಬಂತು. ಉಳದ್ದೇ ಅನ್ಕಂಡೆ. ಶಿಫ್ಟ್ ಬುಟ್ಮೇಲೆ ನಿನ್ ಕಾಲ್ ಬಂದಿದ್ದು ನೋಡ್ದೆ. ವಾಪಸ್ ಮಾಡಿದ್ರೆ ಕೂಸು ಏಳ್ತದೆ ಅಂತ ಸುಮ್ನಾದೆ."

"ಬೆಳಿಗ್ಗೆ?"

"ಒಳಕ್ಕೋಗಿ ನೋಡ್ದೆ. ಉಳ ಎಲ್ಲಾ ಸೊಪ್ಪು ತಿಂತಾ ಇದ್ವು, ಒಂದ್ಕೂ ಜ್ವರ ಬಂದಿರ್ಲಿಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ? ನಾನು ನಿಮ್ಮನ್ನ ಏನೇನು ಅಂದ್ಕೊಂಡೆ."

"ಹೇಳಿದ್ರೆ ಅವ್ವಂಗೂ ತಿಳೀತದೆ. ಕೂಸ್ಗೆ ಏನೂ ಆಗ್ದಿರ್ಲಿ ಅಂತ ಆ ಮಾತ ಮುಚ್ಚಿಟ್ಟೋಳು ಅವಳು. ಮುಚ್ಚಿಟ್ಟಿದ್ಕೇ ಹಿಂಗಾಯ್ತು ಅಂತ ಗೊತ್ತಾದ್ರೆ ಬದುಕಾಕಿಲ್ಲ ಸವಿತಾ."

ನನ್ನ ಸಿಟ್ಟು ಹೋಯಿತು. ಅದು ಹೋದ ಮೇಲೆ ಬರೀ ದುಃಖ ಉಳಿಯಿತು, ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಇವರ ತೋಳು ಹಿಡಿದು ಅತ್ತುಬಿಟ್ಟೆ. ಮಗಳು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಎರಡನೆಯವನು ಹುಟ್ಟಿದಾಗ ಅತ್ತೆ ಮತ್ತೆ "ಮನಗವೆ" ಎನ್ನತೊಡಗಿದರು. ನಾನು ತಡೆಯಲಿಲ್ಲ. ನಾನೂ ಇವರೂ ಮಾತ್ರ ಮೆಸೇಜಿನಲ್ಲಿ ಯಾರ ವಿಷಯ ಎಂದು ಹೆಸರು ಹಾಕದೆ ಇಂದಿಗೂ ಒಂದು ಸಾಲನ್ನೂ ಬರೆಯುವುದಿಲ್ಲ.

ಅತ್ತೆಗೆ ಈಗ ವಯಸ್ಸಾಗಿದೆ, ಚಳಿ ತಡೆಯದು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನಾನು ಬಸ್ಸಿನಲ್ಲಿ ಕಂಡ ಕೂಸಿನ ಮಾತೆತ್ತಿದೆ. ಎತ್ತಬಾರದಿತ್ತು. ಅತ್ತೆ ತುತ್ತು ಮುರಿಯುವುದನ್ನು ಬಿಟ್ಟು, ಪ್ರತಿ ಚಳಿಗಾಲ ಹೇಳುವುದನ್ನೇ ಹೇಳಿದರು. "ಇವ್ನು ಅವತ್ತು ಸಂಜೇನೇ ಬಂದಿದ್ರೆ ಕೂಸು ಉಳ್ಕತಿತ್ತು ಕಣವ್ವ. ಬೆಳಿಗ್ಗೆ ಬತ್ತೀನಿ ಅಂದ್ನಲ್ಲ, ಅದೆಂಗೆ ಅಂದ್ನೋ. ನನ್ ಮಗ ಅಂತ ನೋಡಾಕಿಲ್ಲ ನಾನು, ಇವಂದು ಕಲ್ಲು ಮನ್ಸು."

ಇವರು ತಲೆ ಎತ್ತುವುದಿಲ್ಲ, ಅವತ್ತೂ ಎತ್ತಲಿಲ್ಲ. ನಾನು ಎದ್ದು ಇವರ ತಟ್ಟೆಗೆ ಇನ್ನರ್ಧ ಮುದ್ದೆ ಇಟ್ಟು, ಮೇಲೆ ಬಿಸಿ ಸಾರು ಬಿಟ್ಟೆ. ಬೇಡ ಎನ್ನದೆ ಉಂಡರು.